ಕೆಟ್ಟ ಪೀಸನ್ನು ಸರಿಮಾಡಿದ್ದು

ನನ್ನ ವಾರಗಿತ್ತಿ, ಅಂದರೆ ನಮ್ಮವರ ಅಣ್ಣನ ಹೆಂಡತಿ, ಹನ್ನೊಂದು ವರ್ಷ ಒಂದೇ ಬೆಂಚಿನ ಮುಂದೆ ನಿಂತವಳು. ಗಾಡಿಗಳಿಗೆ ಹಾಕುವ ವೈರಿನ ಕಟ್ಟುಗಳನ್ನು ನಮ್ಮ ಕಾರ್ಖಾನೆಯಲ್ಲಿ ಹೆಣೆಯುತ್ತೇವೆ. ಪ್ರತಿ ಕಟ್ಟೂ ಅವಳ ಮೆಷಿನ್ನು ದಾಟಬೇಕು. ಎಲ್ಲ ತಂತಿಯಲ್ಲೂ ಕರೆಂಟು ಹರಿದರೆ ಹಸಿರು ದೀಪ, ಒಂದು ತಪ್ಪಿದರೂ ಕೆಂಪು. ಹಸಿರು ಬಂದಮೇಲೂ ಕಟ್ಟನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡುವಳು.

ಬೆಳಿಗ್ಗೆ ಅವಳ ಮೊದಲ ಕೆಲಸ, ಬೇಕೆಂದೇ ಇಟ್ಟುಕೊಂಡ ಕೆಟ್ಟ ಪೀಸೊಂದನ್ನು ಮೆಷಿನ್ನಿಗೆ ಹಾಕುವುದು. ಅದರೊಳಗೆ ಒಂದು ತಂತಿ ತುಂಡಾಗಿತ್ತು. ಕೆಂಪು ಬಂದರೆ ಮೆಷಿನ್ನು ನೆಟ್ಟಗಿದೆ ಎಂದರ್ಥ. ಆ ಪೀಸಿಗೆ ಅವಳಿಟ್ಟ ಹೆಸರು 'ಮೈದುನ'. "ನಿನ್ನ ಗಂಡನ ಹಾಗೇ ಕಣೇ, ಎಲ್ಲಿ ಹಾಕಿದ್ರೂ ಕೆಂಪು" ಅನ್ನುವಳು.

ಹೆರಿಗೆ ಮುಗಿಸಿ ಮರಳಿದ ನನ್ನನ್ನು ರಿಪೇರಿ ಮೇಜಿಗೆ ಹಾಕಿದ್ದರು, ಮೂರು ತಿಂಗಳು ನೋಡಿ ಖಾಯಂ ಮಾಡುತ್ತೇವೆಂದು. ಒಂದು ಬೆಳಿಗ್ಗೆ ವಾರಗಿತ್ತಿಗೆ ಮನೆಯಿಂದ ಫೋನು ಬಂತು, ನನ್ನ ಪಾಪುಗೆ ಜ್ವರ. ಆಗತಾನೇ ಮೆಷಿನ್ನಿಗೆ ಹಾಕಿ ತೆಗೆದ ಕೆಟ್ಟ ಪೀಸನ್ನು ನನ್ನ ಮೇಜಿನ ಮೇಲಿಟ್ಟು, "ನೀನಿರು, ನಾನು ಮಾತಾಡಿ ಬರ್ತೀನಿ" ಎಂದು ಹೊರಗೆ ಓಡಿದಳು. ಅದಕ್ಕೂ ಕೆಂಪು ಚೀಟಿ, ರಿಪೇರಿಗೆ ಬರುವವಕ್ಕೂ ಕೆಂಪು ಚೀಟಿ. ಜ್ವರದ ಯೋಚನೆಯಲ್ಲೇ ನಾನು ತುಂಡಾದ ತಂತಿ ಹುಡುಕಿ, ಬೆಸೆದು, ಟೇಪು ಸುತ್ತಿಟ್ಟೆ. "ಔಷಧಿ ಕುಡಿಸಿದಾರಂತೆ, ಮಲಗಿದೆ" ಎನ್ನುತ್ತಾ ಬಂದವಳು ಪೀಸನ್ನು ಎತ್ತಿಕೊಂಡು ಹೋದಳು.

ಮರುದಿನ ಹಸಿರು ಬಂತು. ಮೂರು ಸಲ ಹಾಕಿದರೂ ಹಸಿರೇ. ಮೆಷಿನ್ನು ಕೆಟ್ಟಿದೆ ಎಂದುಕೊಂಡು ಅವಳು ತುಂಬಿ ನಿಂತ ಲಾರಿಯನ್ನೇ ತಡೆದಳು. ಆರುನೂರು ಕಟ್ಟುಗಳನ್ನು ಇಳಿಸಿ ಬೇರೆ ಬೆಂಚಿನಲ್ಲಿ ಮತ್ತೆ ನೋಡಿದರು. ಒಂದರಲ್ಲೂ ದೋಷವಿಲ್ಲ. ಮೆಷಿನ್ನಿಗೂ ಏನೂ ಆಗಿರಲಿಲ್ಲ.

"ಏನಮ್ಮ, ಕೆಟ್ಟಿದ್ದು ತಾನಾಗೇ ಒಳ್ಳೇದಾಯ್ತಾ? ನಮ್ಮನೇಲೂ ಒಬ್ಬರಿದಾರೆ, ನಿನ್ನ ಹತ್ರ ಕಳಿಸ್ಲಾ?" ಎಂದರು ಸೂಪರ್‌ವೈಸರು. ಸುತ್ತಲಿದ್ದವರು ನಕ್ಕರು. ಅವಳು ಉಗುರಿನಿಂದ ಟೇಪು ಎತ್ತಿ ಬೆಸುಗೆ ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಟೇಪನ್ನು ಮತ್ತೆ ಒತ್ತಿದಳು.

"ನಾನೇ ಪೀಸು ಅದಲುಬದಲು ಮಾಡಿರಬೇಕು ಸಾರ್."

ಅಂದೇ ಅವಳನ್ನು ಪ್ಯಾಕಿಂಗಿಗೆ ಹಾಕಿದರು.

ದಾರಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ಅಷ್ಟು ನೀಟಾಗಿ ಟೇಪು ಸುತ್ತೋಳು ನೀನೊಬ್ಬಳೇ. ಸುಮ್ಮನಿರು. ನನ್ನನ್ನ ಪ್ಯಾಕಿಂಗಿಗೆ ಕಳಿಸಿದ್ರು, ನಿನ್ನನ್ನಾದ್ರೆ ಮನೆಗೇ ಕಳಿಸ್ತಾರೆ."

"ಖಾಯಂ ಆಗ್ಲಿ ಅಕ್ಕ, ಅವತ್ತೇ ಹೇಳಿಬಿಡ್ತೀನಿ."

"ಹೂಂ" ಅಂದಳು.

ಖಾಯಂ ಆಯಿತು. ಜೊತೆಗೆ ಅವಳ ಬೆಂಚನ್ನೇ ನನಗೆ ಕೊಟ್ಟರು. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅವಳು ಬಂದು ಕೇಳಲೂ ಇಲ್ಲ. ಪಾಪುವನ್ನು ಈಗಲೂ ಎತ್ತಿಕೊಳ್ಳುತ್ತಾಳೆ, ಜ್ವರ ಬಂದರೆ ನನಗಿಂತ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ನನ್ನ ಜೊತೆ ಮಾತು ಎಷ್ಟು ಬೇಕೋ ಅಷ್ಟೇ. 'ಮೈದುನ'ನ ತಮಾಷೆಯಂತೂ ನಿಂತೇ ಹೋಯಿತು.

ನಾನು ಬೆಸೆದ ತಂತಿಯನ್ನು ನಾನೇ ಕತ್ತರಿಸಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಹಾಕುತ್ತೇನೆ, ಕೆಂಪು ಬರುತ್ತದೆ. ಎಲ್ಲ ಸರಿಯಾಗಿದೆ ಎಂದು ಪುಸ್ತಕದಲ್ಲಿ ಸಹಿ ಮಾಡುತ್ತೇನೆ.