ಆಟ ಮುಗಿಸೇನಿ ಅಂದವರು

ನನ್ನ ಗಂಡ ಶಾಂತಯ್ಯ ಜಂಗಮರ ಮನಿ ಮಗ. ಊರು ಹುಬ್ಬಳ್ಳಿ ತಾಲೂಕಿನ ಸುಳ್ಳ. ಆ ಹೆಸರಿನ ಮ್ಯಾಲ ಚೇಷ್ಟಿ ಮಾಡಬ್ಯಾಡ್ರಿ, ಮೂವತ್ತು ವರ್ಷ ಕೇಳೇನಿ, ಸಾಕಾಗೇತಿ. ಅಪ್ಪ, ಅಜ್ಜ ಮಾಡಿದಂಗ ಮನಿಮನಿಗೆ ಹೋಗಿ ಲಗ್ನ, ಲಿಂಗಧಾರಣಿ ಮಾಡಿಸಿದ್ರ ದಕ್ಷಿಣಿ, ಧೋತರ, ಹೋಳಗಿ ಊಟ, ಮ್ಯಾಲ ಮಂದಿ ಕಾಲಿಗೆ ಬೀಳತಿದ್ರು. ಇವರಿಗೆ ಅದು ಬ್ಯಾಡಾತು. ಹುಬ್ಬಳ್ಳಿ ಕೇಶ್ವಾಪುರದಾಗ ಒಂದು ಮಳಗಿ ಹಿಡದು, ಐದು ಟಿವಿ ಇಟ್ಟು, ವಿಡಿಯೋ ಗೇಮಿನ ಅಂಗಡಿ ತಗದ್ರು. ಮನಿತನದ ಕೆಲಸ ತಮ್ಮ ಶಂಭುಲಿಂಗನ ಪಾಲಿಗೆ ಬಂತು. ಅದು ಛಲೋ ನಡದೈತಿ ಅಂತ ಅವನ ಹೊಟ್ಟಿ ನೋಡಿದ್ರ ತಿಳಿತೈತಿ.

ಸಾಲಿ ತಪ್ಪಿಸಿ ಬರೋ ಹುಡುಗ್ರಿಗೆ ಬೇಕಾಗಿದ್ದು ಗುಂಡು ಹಾರಸೋ ಆಟ, ಇಲ್ಲಂದ್ರ ಜಿಗಿದ್ಯಾಡೋ ಆಟ. ಇವರು ಮುಂಬೈಕ ಹೋಗಿ ಒಂದು ಚೀಲ ಹಳೇ ಕ್ಯಾಸೆಟ್ ತಂದ್ರು. ಅದರಾಗ ನಾಕು ಜಪಾನಿ ಕ್ಯಾಸೆಟ್ ಇದ್ದವು. ಬೂದಿ ಬಣ್ಣದ್ದು, ಮ್ಯಾಲ ಕೋಳಿ ಕೆದರಿದಂಥ ಅಕ್ಷರ. ಹುಡುಗ್ರು ಒಂದು ಸಲ ಹಾಕಿ ನೋಡಿ, ಅಯ್ಯಾರ ಇದರಾಗ ಯಾರೂ ಸಾಯೂದಿಲ್ಲಲ್ರಿ ಅಂತ ತಗದ ಒಗದ್ರು. ಅವನ್ನ ಇವರು ಆರಿಸಿ ಇಟಗೊಂಡ್ರು. ಮಂದಿ ಬಿಟ್ಟಿದ್ದನ್ನ ಆರಿಸೋದು ಅವರ ಗುಣಾನ ಆಗಿತ್ತು. ನನ್ನನ್ನೂ ಮೂರು ಕಡೆಯವರು ನೋಡಿ ಬಿಟ್ಟಿದ್ರು.

ನಾಕರಾಗ ಒಂದು ಆಟ ಅವರನ್ನ ಹಿಡೀತು. ಒಬ್ಬ ಮನುಷ್ಯಾ ಹುಲ್ಲಿನ ಟೊಪಿಗಿ ಹಾಕ್ಕೊಂಡು ಗುಡ್ಡದಾಗ ಅಡ್ಡಾಡತಾನ. ಹಳ್ಳ ದಾಟತಾನ. ಮುದುಕರನ್ನ ಮಾತಾಡಸತಾನ. ಅಷ್ಟ. ಅದಕ್ಕಿಂತ ನಮ್ಮೂರಾಗ ಅಡ್ಡಾಡಿದ್ರ ಚಾ ಆದ್ರೂ ಸಿಗತಿತ್ತು. ಜಪಾನಿ ಅಕ್ಷರ ಇವರಿಗೆ ಒಂದೂ ಬರತಿರಲಿಲ್ಲ. ಆದ್ರೂ ಮುದುಕ ಏನು ಹೇಳಾಕತ್ತಾನ ಅಂತ ನನಗ ತಿಳಿಸಿ ಹೇಳತಿದ್ರು. ತಪ್ಪು ಹೇಳಿದ್ರ ಹಿಡಿಯೋರು ಯಾರು? ನಾ ಸಾಲಿ ಓದಿದ್ದು ನಾಕನೇತ್ತ, ಅದೂ ಕನ್ನಡ.

ಆಮ್ಯಾಲ ಮನಿಮನಿಗೆ ಕಂಪ್ಯೂಟರ್ ಬಂತು, ಮೊಬೈಲ್ ಬಂತು, ಹುಡುಗ್ರು ಹೋದ್ರು. ಇವರು ರಿಮೋಟು, ಚಾರ್ಜರು ರಿಪೇರಿ ಮಾಡಕೋತ ಕುಂತ್ರು. ನಾಕು ಟಿವಿ ಮಾರಿದ್ರು, ಒಂದು ಇಟಗೊಂಡ್ರು. ಒಂದಿನ ಸಂಜಿಕ ಮನಿಗೆ ಬಂದು, ಕಾಲು ಸೈತ ತೊಳೀದನ, "ದಾಕ್ಷಾಯಿಣಿ, ಮುಗಿಸೇನಿ" ಅಂದ್ರು. ಏನು ಅಂದೆ. ಆಟ ಅಂದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ. ಬಡಿದೆ.

ಆ ಆಟದ್ದೊಂದು ಹಟ ಇತ್ತು. ಶುರು ಮಾಡಿದ್ರ ನಡುವ ಬಿಡಂಗಿಲ್ಲ. ಬಿಟ್ರ ಮತ್ತ ಮೊದಲಿಂದ. ಆರು ತಾಸು ಹಿಡಿತಿತ್ತು. ನಮ್ಮಲ್ಲಿ ಆವಾಗ ಆರು ತಾಸು ಬಿಡದ ಕರೆಂಟ್ ಇದ್ರ ಅದ ಒಂದು ಹಬ್ಬ. ತೋರಸತೇನಿ ಬರ್ರಿ ಅಂತ ಶಂಭುಲಿಂಗನ್ನ, ಬಾಜೂ ಅಂಗಡಿ ಟೇಲರ್ ಕಮರುದ್ದೀನನ್ನ ಕರದು ಕುಂಡರಿಸಿದ್ರು. ಕಮರುದ್ದೀನ ಎರಡನೇ ತಾಸಿಗೆ ನಿದ್ದಿ ಹೋದ. ಐದನೇ ತಾಸಿಗೆ ಕರೆಂಟೂ ಹೋತು. ಶಂಭುಲಿಂಗ ಎದ್ದು ಧೋತರ ಝಾಡಿಸಿ, "ಅಣ್ಣಾ, ಜಪಾನದಾಗೂ ಕಂಬ ಬಿತ್ತೇನೋ" ಅಂದ. ಅವತ್ತಿನಿಂದ ಆ ಸಾಲಿನ ಅಂಗಡಿಯವರೆಲ್ಲಾ ಮುಂಜಾನೆ ನಮಸ್ಕಾರ ಬಿಟ್ಟು, ಮುಗೀತ ಅಯ್ಯಾರ ಅಂತ ಕೇಳಾಕ ಹತ್ತಿದ್ರು. ಇವರು ಮುಗಸೇನ್ರಿ ಅಂತ ಖರೇನ ಉತ್ತರ ಕೊಡತಿದ್ರು. ಚೇಷ್ಟಿ ತಿಳಿಯಂಗಿಲ್ಲ ಅಂದ್ರ ಮನುಷ್ಯಾಗ ಎಷ್ಟು ಕಷ್ಟ ನೋಡ್ರಿ.

ಮಗಳು ಭಾಗ್ಯಶ್ರೀನ್ನ ನೋಡಾಕ ಗದಗಿನಿಂದ ಬೀಗರು ಬಂದಾಗ ಆತು ಆಗಬಾರದ್ದು. ಹುಡುಗನ ಅಪ್ಪ ದೊಡ್ಡ ಮನುಷ್ಯಾ, ಅಂದ್ರ ದೊಡ್ಡ ದನಿಯವ. ಎರಡು ಅಂತಸ್ತಿನ ಮನಿ ಕಟ್ಟಿಸಿದ್ದು, ಸೊಸೈಟಿಗೆ ಚೇರಮನ್ ಆಗಿದ್ದು ಎಲ್ಲಾ ಹೇಳಿ, ನೀವೇನು ಮಾಡೀರಿ ಅಯ್ಯಾರ ಅಂತ ಕೇಳಿದ್ರು. ಇವರು ಅವಲಕ್ಕಿ ಪ್ಲೇಟ್ ಕೆಳಗಿಟ್ಟು, ನಮ್ಮ ಅಂಗಡ್ಯಾಗ ಯಾರೂ ಮುಗಸಲಾರದ ಒಂದು ಆಟ ಐತ್ರಿ, ಅದನ್ನ ಎರಡು ಸಲ ಮುಗಿಸೇನಿ ಅಂದ್ರು. ಮಗಳು ನೆಲಾ ನೋಡಿದ್ಲು. ನನಗ ಮೈ ಉರೀತು. "ಸುಳ್ಳ ಹೇಳತಾರ್ರಿ, ಬಿಡ್ರಿ. ತಲ್ಯಾಗ ಬಂದದ್ದು ಮಾತಾಡತಾರ" ಅಂದೆ. ಬೀಗರು ನಕ್ಕರು. ಸಂಬಂಧ ಕೂಡಿತು.

ಅವತ್ತ ಅವರು ಆಟದ ಮಾತು ಬಿಟ್ರು. ಸಿಟ್ಟು ಮಾಡಲಿಲ್ಲ. ಊಟ ಮಾಡಿದ್ರು, ಅಂಗಡಿಗೆ ಹೋದ್ರು, ಬಂದ್ರು. ಆಮ್ಯಾಲ ಒಂಬತ್ತು ವರ್ಷ ಬದುಕಿದ್ರು, ಒಂದು ಸಲಾನೂ ಆ ಸುದ್ದಿ ತಗೀಲಿಲ್ಲ. ಮನಿ ಸುಮ್ಮ ಆತು ಅಂತ ನಾ ಸುಖಾ ಪಟ್ಟೆ. ಹೋದ ಶ್ರಾವಣದಾಗ ಚಾ ಕುಡದು ಕಪ್ಪು ಇಟ್ರು, ಹಂಗ ಗ್ವಾಡಿಗೆ ಒರಗಿದ್ರು, ಏಳಲಿಲ್ಲ. ಮಣ್ಣಿಗೆ ಬಂದವರು ಭಾಳ ಛಲೋ ಮನುಷ್ಯಾ ಅಂದ್ರು. ನಮ್ಮ ಕಡೆ ಪೆದ್ದ ಸತ್ರ ಹಂಗ ಅಂತಾರ.

ಎರಡು ತಿಂಗಳಾದ ಮ್ಯಾಲ ರಮಾಕಾಂತ ಅನ್ನಾಂವ ಬಂದ. ಧಾರವಾಡದ ಕಾಲೇಜಿನ್ಯಾಗ ಮಾಸ್ತರ. ಸಣ್ಣಾಂವ ಇದ್ದಾಗ ನಮ್ಮ ಅಂಗಡ್ಯಾಗ ಆಡಿದವರೊಳಗ ಒಬ್ಬ. ಬೂದಿ ಬಣ್ಣದ ಕ್ಯಾಸೆಟ್ ಅವ ಏನ್ರಿ ಕಾಕೂ ಅಂತ ಕೇಳಿದ. ಅವನ್ನ ಮಾಡಿದ್ದು ತೊನಾಗಿ ಅನ್ನೋ ಜಪಾನಿ ಕಂಪನಿ ಅಂತ. ಮೂರ ಮಂದಿ ಕೂಡಿ ತಗದು, ನಾಕ ಆಟ ಮಾಡಿ, ಯಾರೂ ಕೊಳ್ಳಲಾರದ್ದಕ್ಕ ಬಾಗಲಾ ಹಾಕಿದ್ರಂತ. ಈಗ ದೇಶದೇಶದಾಗ ಹುಚ್ಚರು ಅವನ್ನ ಹುಡುಕಿ ಆಡಾಕತ್ತಾರಂತ. ಹುಲ್ಲಿನ ಟೊಪಿಗಿ ಆಟ ಮಾತ್ರ ಮುಗಿಯಂಗಿಲ್ಲ, ಕಡೀಕ ಒಂದು ಅಗಸಿ ಬಾಗಲಾ ಐತಿ, ಅದು ತಗಿಯಂಗಿಲ್ಲ, ಕಂಪನಿಯವರು ಅರ್ಧಕ್ಕ ಬಿಟ್ಟಾರ ಅಂತ ಎಲ್ಲಾರೂ ತೀರ್ಮಾನ ಮಾಡ್ಯಾರಂತ.

ನಮ್ಮನಿಯವರು ಮುಗಸ್ಯಾರ ಅಂದೆ.

"ಇರಬಹುದು ಕಾಕೂ" ಅಂದು ಸಣ್ಣಗ ನಕ್ಕ. ಆ ನಗಿ ನನಗ ಗೊತ್ತಿತ್ತು. ನಾನೂ ನಕ್ಕಿದ್ದ ಅದು.

ಕ್ಯಾಸೆಟ್ ಬೇಕಾದ್ರ ಇಲ್ಲೆ, ಅವರ ಅಂಗಡ್ಯಾಗ, ನನ್ನ ಮುಂದ ಆಡು ಅಂದೆ. ಅವರು ಸುಳ್ಳ ಹೇಳಿದ್ರೋ ಇಲ್ಲೋ ಅನ್ನೋದು ನನಗ ಬೇಕಾಗಿತ್ತು. ಒಂಬತ್ತು ವರ್ಷ ತಡಾ ಆತು, ಗೊತ್ತೈತಿ.

ಐತವಾರ ಮುಂಜಾನೆ ಎಂಟಕ್ಕ ಶುರು ಮಾಡಿದ. ಮೊಬೈಲ್ ಬಾಜೂಕ ನೆಟ್ಟಗ ನಿಲ್ಲಿಸಿ ಚಿತ್ರಾ ಹಿಡಿಯಾಕ ಹಚ್ಚಿದ. ಇನ್ವರ್ಟರ್ ತಂದಿದ್ದ, ಶಾಣ್ಯಾ. ಶಂಭುಲಿಂಗ ಎಲ್ಲೋ ಗೃಹಪ್ರವೇಶ ಮುಗಿಸಿ, ಹಣಿ ತುಂಬ ವಿಭೂತಿ, ಹೊಟ್ಟಿ ತುಂಬ ಹುಗ್ಗಿ ಇಟಗೊಂಡು ಬಂದು ಕುಂತ. ಮಧ್ಯಾಹ್ನ ಒಂದೂವರಿಗೆ ಟೊಪಿಗಿ ಮನುಷ್ಯಾ ಅಗಸಿ ಮುಂದ ಬಂದು ನಿಂತ. ಬಾಗಲಾ ಮುಚ್ಚಿತ್ತು. ರಮಾಕಾಂತ ಇದ್ದಬದ್ದ ಗುಂಡಿ ಎಲ್ಲಾ ಒತ್ತಿದ. ತಗೀಲಿಲ್ಲ.

"ಆತಲ್ಲ ವೈನಿ, ಊಟಕ್ಕ ಏಳ್ರಿ" ಅಂದ ಶಂಭುಲಿಂಗ. ಹುಗ್ಗಿ ಕರಗಿತ್ತು ಕಾಣತೈತಿ.

ನಾ ಟಿವಿ ನೋಡಿದೆ. ಅಗಸಿ ಬಾಜೂಕ ಒಂದು ದಿಬ್ಬ ಇತ್ತು. ಮ್ಯಾಲ ಗುಂಡಗಿನ ಕಲ್ಲು, ಕಲ್ಲಿಗೊಂದು ಅರಿವಿ ಸುತ್ತಿತ್ತು. ಅದೇನು ಅಂತ ಕೇಳಿದೆ. ಏನಿಲ್ಲ ಕಾಕೂ, ಸುಮ್ಮನ ಚಂದಕ್ಕ ಹಾಕ್ಯಾರ ಅಂದ ಮಾಸ್ತರ. ಅದು ಗದ್ದಿಗಿ. ಸ್ವಾಮಿಗಳನ್ನ ಮಣ್ಣು ಮಾಡಿದ ಜಾಗಾ. ಜಪಾನದವರು ಅದಕ್ಕ ಏನಂತಾರೋ ನನಗ ಗೊತ್ತಿಲ್ಲ, ನಮ್ಮನಿಯವರು ಗದ್ದಿಗಿ ಅಂತಿದ್ರು. ಬುತ್ತಿ ಕೊಡಾಕ ಹೋದಾಗ ಒಂದಿನ ಅವರು ಟಿವಿ ಕೂಡ ಮಾತಾಡಾಕತ್ತಿದ್ರು, ಗದ್ದಿಗಿ ಐತೋ ಮಾರಾಯ, ಮೊದಲ ಕಾಲಾಗಿಂದು ಬಿಡು ಅಂತ. ತಲಿ ಕೆಟ್ಟೈತಿ ಅಂತ ತಿಳಕೊಂಡು ಬುತ್ತಿ ಇಟ್ಟು ಬಂದಿದ್ದೆ.

"ಚಪ್ಪಲ ಬಿಡು" ಅಂದೆ.

ರಮಾಕಾಂತ ತನ್ನ ಕಾಲು ನೋಡಿಕೊಂಡ.

"ನಿಂದಲ್ಲೋ ತಮ್ಮಾ. ಟೊಪಿಗಿ ಮನುಷ್ಯಾಂದು."

ಮಾಸ್ತರ ಅಂಜಿದ. ಆ ಹುಲ್ಲಿನ ಚಪ್ಪಲ ಎರಡು ತಾಸು ಕಷ್ಟಪಟ್ಟು ಗಳಸಿದ್ದಂತ. ಅದಿದ್ರ ಲಗೂ ಓಡಾಕ ಬರತದಂತ, ಒಮ್ಮೆ ಬಿಟ್ರ ಮತ್ತ ಸಿಗಂಗಿಲ್ಲಂತ, ಜಗತ್ತಿನ್ಯಾಗ ಯಾರೂ ಬಿಟ್ಟಿಲ್ಲಂತ. ಅದಕ್ಕ ಯಾರಿಗೂ ಬಾಗಲಾ ತಗದಿಲ್ಲ ಅಂದೆ. ಇಷ್ಟು ದೇಶದ ಶಾಣ್ಯಾರು ಕೂಡಿ ಗದ್ದಿಗಿ ಮುಂದ ಚಪ್ಪಲ ಹಾಕ್ಕೊಂಡು ನಿಂತು, ಒಳಗ ಕರೀಲಿಲ್ಲ ಅಂತ ಕಂಪನಿಗೆ ಬೈದಾರ.

ಬಿಟ್ಟ. ಗುಡಿಗೆ ಹೊಡದಂಗ, ಗದ್ದಿಗಿ ಬಲಕ್ಕ ಹಾಕ್ಕೊಂಡು ಮೂರು ಸುತ್ತು ಹೊಡಿ ಅಂದೆ. ಹೊಡದ. ಬಾಗಲಾ ತಗೀತು.

ಒಳಗ ಬಂಗಾರ ಇರಲಿಲ್ಲ, ರಾಣಿ ಇರಲಿಲ್ಲ. ಸಣ್ಣ ಮನಿ, ಒಲಿ ಮುಂದ ಒಬ್ಬಾಕಿ ಮುದುಕಿ. ಬಂದಾಂವ ಟೊಪಿಗಿ ತಗದು ಇಟ್ಟ, ಕುಂತ. ಆಕಿ ಒಂದು ಬಟ್ಟಲ ಕೊಟ್ಲು. ಆಮ್ಯಾಲ ಆಟ ಮಾಡಿದ ಮೂರೂ ಮಂದಿ ಹೆಸರು ಬಂದ್ವು, ಮುಗೀತು. ನಾ ಸೆರಗು ಬಾಯಿಗೆ ಹಿಡಕೊಂಡೆ.

ಶಂಭುಲಿಂಗ ಮೊಬೈಲಿಗೆ ಮಾರಿ ತೋರಿಸಿ, ಅಣ್ಣ ಭಾಳ ಶಾಣ್ಯಾ ಅಂತ ನಾ ಮೊದಲಿಂದ ಹೇಳಕೋತ ಬಂದೇನಿ ಅಂದ. ಅದೂ ಚಿತ್ರದಾಗ ಬಂದೈತಿ. ಮಾಸ್ತರ ಅದನ್ನ ಇಂಟರ್ನೆಟ್ಟಿಗೆ ಹಾಕಿದ, ದೇಶದೇಶದವರು ನೋಡ್ಯಾರ.

ರಮಾಕಾಂತ ಅದರ ಕೆಳಗ ಹಾಕಾಕ ನಾಕ ಸಾಲು ಬರದು ನನಗ ಓದಿ ಹೇಳಿದ. ಮೊದಲ ಮುಗಿಸಿದವರು ಹುಬ್ಬಳ್ಳಿಯ ಶಾಂತಯ್ಯನವರು, ಎರಡು ಸಲ. ಛಲೋ ಐತಿ ಅಂದೆ. ಇನ್ನೊಂದು ಸಾಲು ಸೇರಸು, ಅವರ ಹೇಣತಿ ಮಂದಿ ಮುಂದ ಅವರನ್ನ ಸುಳ್ಳಗಾರ ಅಂದಿದ್ಲು ಅಂತ ಬರಿ ಅಂದೆ.

"ಬ್ಯಾಡ ಕಾಕೂ. ಛಲೋ ಕಾಣಂಗಿಲ್ಲ" ಅಂದ.

ಅವ ಬರೀಲಿಲ್ಲ. ನಾ ಬರದೇನಿ.