ಸಪ್ತಮಿಯ ದಿನ ಸಮುದ್ರ ಮುಟ್ಟಿದ್ದು

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿರುವುದು ಇಷ್ಟೇ: 'ಆಗುಂಬೆ ಘಾಟಿಯಲ್ಲಿ ವಾಂತಿ. ಕುಂದಾಪುರದಲ್ಲಿ ಊಟ. ಸಮುದ್ರ ನೋಡಿದೆವು.' ವಾಂತಿ ಮಾಡಿದ್ದು ಯಾರೆಂದು ಕೂಡ ಬರೆದಿಲ್ಲ, ಬಹುಶಃ ನಾನೇ. ಉಳಿದದ್ದೆಲ್ಲ ನೆನಪು. ಈ ಕತೆಯನ್ನು ಮನೆಯಲ್ಲಿ ಹತ್ತಾರು ಸಲ ಹೇಳಿ ನಗಿಸಿದವನೂ ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬುವ ಧೈರ್ಯ ನನಗಿಲ್ಲ.

ಎಂಬತ್ತರ ದಶಕದ ಆರಂಭ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಕಿಗ್ಗಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಸೋದರತ್ತೆಗೆ ನಲವತ್ತೈದು ದಾಟಿದರೂ ಸಮುದ್ರ ನೋಡಿ ಗೊತ್ತಿರಲಿಲ್ಲ. ಒಮ್ಮೆ ಅದರಲ್ಲಿ ಕಾಲು ನೆನೆಸಬೇಕೆಂಬುದು ಅವರ ಆಸೆ. ಅದಕ್ಕಾಗಿಯೇ ಕೊಪ್ಪದಿಂದ ಅಂಬಾಸಿಡರ್ ಟ್ಯಾಕ್ಸಿ ಮಾಡಿದ್ದೆವು. ಮುಂದಿನ ಸೀಟಿನಲ್ಲಿ ಅತ್ತೆಯ ತಂದೆ, ಅಂದರೆ ನನ್ನ ಅಜ್ಜಯ್ಯ. ಓಡಿಸುತ್ತಿದ್ದವರು ಊರಿನವರೆಲ್ಲ ಸಾಹೇಬ್ರು ಎಂದೇ ಕರೆಯುವ ಡ್ರೈವರ್.

ಘಾಟಿ ಇಳಿದು ಉಡುಪಿ ದಾಟಿ ನೇರವಾದ ರಸ್ತೆ ಸಿಕ್ಕ ಮೇಲೂ ಸಾಹೇಬ್ರು ಗಳಿಗೆಗೊಮ್ಮೆ ಹಾರನ್ ಒತ್ತುತ್ತಲೇ ಇದ್ದರು.

"ತಿರುವೇ ಇಲ್ಲ, ಯಾರಿಗೆ ಹೊಡೀತೀರಿ?" ಎಂದೆ.

"ಕೈಗೆ ಅಭ್ಯಾಸ ಮಾರಾಯ್ರೆ. ಹೊಡೀದಿದ್ರೆ ನಿದ್ದೆ ಬರ್ತದೆ."

ಕುಂದಾಪುರದಲ್ಲಿ ಊಟ ಮುಗಿಸಿ ಕಾರು ಹತ್ತುವಾಗ ಅಜ್ಜಯ್ಯ ಚೀಲದಿಂದ ಪಂಚಾಂಗ ತೆಗೆದು ನೋಡಿದರು. ಸಪ್ತಮಿ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಕೂಡದು, ದೂರದಿಂದ ಕೈಮುಗಿಯಬೇಕು ಎಂಬುದು ನಮ್ಮ ಕಡೆಯ ಕಟ್ಟಳೆ. ಟ್ಯಾಕ್ಸಿ ಗೊತ್ತು ಮಾಡುವಾಗ ತಿಥಿ ನೋಡುವುದನ್ನು ಎಲ್ಲರೂ ಮರೆತಿದ್ದೆವು.

"ನೋಡ್ಲಕ್ಕು, ಮುಟ್ಟೂಹಂಗಿಲ್ಲೆ," ಎಂದರು ಅಜ್ಜಯ್ಯ.

ಕಾರು ಮರವಂತೆಗೆ ಬಂತು. ಅಲ್ಲಿ ರಸ್ತೆಯ ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಸಮುದ್ರ. ಕಾರು ನಿಂತಿದ್ದೇ ತಡ, ಅತ್ತೆ ಇಳಿದು ಮರಳಿನ ಮೇಲೆ ನಡೆದರು.

"ಅಪ್ಪಯ್ಯ, ನಾ ಅದನ್ನ ಮುಟ್ಟಲಾಗ, ಅಲ್ದಾ?"

"ಹೌದು."

"ಅದೇ ಬಂದು ನನ್ನ ಮುಟ್ಟಿದ್ರೆ?"

ಅಜ್ಜಯ್ಯ ಚಿಕ್ಕಂದಿನಲ್ಲಿ ಶೃಂಗೇರಿಯಲ್ಲಿ ತರ್ಕ ಓದಿದವರು. ಇಂಥ ಪ್ರಶ್ನೆಯನ್ನು ಗದರಿ ಕಳಿಸುವುದು ಅವರಿಂದ ಆಗದು. ಕೊಡೆಯನ್ನು ಮರಳಲ್ಲಿ ಊರಿ ತೀರ್ಪು ಕೊಟ್ಟರು.

"ಹಂಗಾದ್ರೆ ಒಣ ಮರಳಲ್ಲಿ ನಿಂತಿರು. ಅಲ್ಲಾಡಿದ್ಯೋ, ನೀ ಮುಟ್ಟಿದ ಹಾಂಗೇ. ನಾಳೆ ಬೆಳಗಿನವರೆಗೆ ಉಪವಾಸ. ಸಾಹೇಬ್ರೇ, ನೀವು ಸಾಕ್ಷಿ."

"ನಂಗೆ ದೂರದ್ದು ಸರಿ ಕಾಣೂದಿಲ್ಲ ಭಟ್ರೇ," ಎಂದರು ಸಾಹೇಬ್ರು ಗಂಭೀರವಾಗಿ.

ಘಾಟಿ ಇಳಿಸಿದ್ದು ಇದೇ ಕಣ್ಣಲ್ಲವೇ ಎಂದುಕೊಂಡೆ. ಆಮೇಲೆ ಅವರು ಅತ್ತೆಯ ಕಡೆ ನೋಡಿ ಮೀಸೆಯಲ್ಲೇ ನಕ್ಕದ್ದು ಕಂಡಿತು.

ಅತ್ತೆ ಒದ್ದೆ ಮರಳಿನ ಅಂಚಿಗೆ ಹೋಗಿ, ಒಣ ಮರಳಲ್ಲೇ ಗರುಡಗಂಬದ ಹಾಗೆ ನಿಂತರು. ಒಂದು ಅಲೆ ಗೇಣು ದೂರದಲ್ಲಿ ನಿಂತು ಹಿಂದೆ ಹೋಯಿತು. ಇನ್ನೊಂದು ಅದಕ್ಕಿಂತ ಮೊದಲೇ ತಿರುಗಿತು. ಇಡೀ ದಿನದ ಪ್ರಯಾಣ ಗೇಣುದ್ದ ಮರಳಿನಲ್ಲಿ ಸಿಕ್ಕಿಕೊಂಡಿತ್ತು.

"ಇನ್ನೊಂಚೂರು ಬಾ ಮಾರಾಯಾ, ಅಷ್ಟು ದೂರದಿಂದ ಬಂದಿದ್ದಾರೆ!" ಎಂದು ಸಾಹೇಬ್ರು ಸಮುದ್ರಕ್ಕೇ ಕೂಗಿದರು.

"ಸಾಕ್ಷಿ ಹೇಳುವವರು ಸುಮ್ಮನಿರಿ," ಎಂದರು ಅಜ್ಜಯ್ಯ.

ಆಗ ಬಂತು ನೋಡಿ, ದೊಡ್ಡದೊಂದು ಅಲೆ. ಪಾದ, ಕಣಕಾಲು, ಮೊಣಕಾಲು ಎಲ್ಲ ನೆನೆದವು. ಅತ್ತೆ ಅಲ್ಲಾಡಲಿಲ್ಲ. ಆದರೆ ವಾಪಸು ಹೋಗುವ ನೀರು ಕಾಲಡಿಯ ಮರಳನ್ನೂ ಎಳೆದುಕೊಂಡು ಹೋದಾಗ ಅವರು ನೇರ ನೀರಿನಲ್ಲೇ ಕುಳಿತುಬಿಟ್ಟರು. ಸೊಂಟದವರೆಗೂ ಒದ್ದೆ.

ಮೂವರೂ ಅಜ್ಜಯ್ಯನ ಮುಖ ನೋಡಿದೆವು. ಅವರು ಕೊಡೆಯ ತುದಿಯನ್ನು ಮೊದಲು ಮಗಳತ್ತ, ಆಮೇಲೆ ಸಮುದ್ರದತ್ತ ತೋರಿಸಿ ಹೇಳಿದರು: "ನಿಂತಿದ್ದು ಇದು. ಬೀಳ್ಸಿದ್ದು ಅದು. ಇದ್ರ ತಪ್ಪೆಂತದೂ ಇಲ್ಲೆ. ಏಳು ಕೂಸೇ."

ಅತ್ತೆ ಏಳಲಿಲ್ಲ. "ಅಲ್ಲಾಡಲಾಗ ಹೇಳಿದ್ದು ನೀನೇ ಅಲ್ದಾ ಅಪ್ಪಯ್ಯ?"

ಈ ಮಾತು ಅತ್ತೆಯದೋ, ಹೇಳುತ್ತ ಹೇಳುತ್ತ ನಾನು ಸೇರಿಸಿದ್ದೋ ಖಚಿತವಿಲ್ಲ. ಆದರೆ ಇನ್ನೂ ಮೂರು ಅಲೆ ಬಂದು ಹೋಗುವವರೆಗೆ ಅವರು ಅಲ್ಲೇ ಕುಳಿತಿದ್ದರು.