ಏಡಿ ಸಾರಿನ ಬಯಕೆ

ತೆನೆ ಹೊರಬರುವ ಮುನ್ನ ಭತ್ತ ಹೊಡೆ ತುಂಬಿ ನಿಂತಾಗ ನಮ್ಮ ಕಡೆ ಭೂಮಿಯನ್ನು ಬಸುರಿ ಎನ್ನುತ್ತಾರೆ. ಭೂಮಿ ಹುಣ್ಣಿಮೆಯ ದಿನ ಅವಳ ಬಯಕೆ ತೀರಿಸಲು ಹತ್ತಾರು ಬಗೆಯ ಸೊಪ್ಪು ಬೇಯಿಸಿ, ಕಡುಬು ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಗದ್ದೆಗೆ ಹೊತ್ತೊಯ್ಯುತ್ತಾರೆ. ಚಂದದ ಹಬ್ಬ, ಇಲ್ಲವೆನ್ನುವುದಿಲ್ಲ. ಆದರೆ ಯಾರಾದರೂ ನನ್ನೆದುರು ಅದನ್ನು ಹೊಗಳತೊಡಗಿದರೆ ನನಗೆ ಮೈ ಉರಿಯುತ್ತದೆ.

ಅರವತ್ತರ ದಶಕದ ಮಾತು. ಆನಂದಪುರದ ಹತ್ತಿರ ನಮ್ಮ ಮನೆ. ನನಗಾಗ ಹತ್ತೋ ಹನ್ನೊಂದೋ ವರ್ಷ. ಅಣ್ಣನ ಹೆಂಡತಿ ಹೊಸನಗರದ ಕಡೆಯವಳು, ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿನವರು ಬಯಕೆಯ ಅಡುಗೆ ಹೊತ್ತು ತರುವುದು ರೂಢಿ. ಅವಳ ತವರೂರೋ ಶರಾವತಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಗಿತ್ತು. ತವರಿನವರು ಗಾಡಿ ಕಟ್ಟಿಕೊಂಡು ತೀರ್ಥಹಳ್ಳಿ ಕಡೆ ಹೋಗಿ, ತಲೆಯ ಮೇಲೊಂದು ಸೂರಿಗಾಗಿ ಒದ್ದಾಡುತ್ತಿದ್ದರು. ಯಾರೂ ಬರಲಿಲ್ಲ. ಅತ್ತಿಗೆ ಒಂದೆರಡು ದಿನ ದಾರಿ ನೋಡಿದಳು, ಆಮೇಲೆ ನೋಡುವುದನ್ನೂ ಬಿಟ್ಟಳು.

ಒಂದು ದಿನ ಅಕ್ಕಿ ಕೇರುತ್ತ ಅವ್ವನಿಗೆ, "ಅತ್ತೆ, ಯಾಕೋ ಏಡಿ ಸಾರು ಉಣ್ಬೇಕು ಅನ್ಸ್ತಿದೆ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಗದ್ದೆಯ ಬದುವಿನ ಬಿಲಕ್ಕೆ ಕೈ ಹಾಕಿದರೆ ಸಿಗುವಂಥದ್ದು.

ಆದರೆ ಹುಣ್ಣಿಮೆ ಹತ್ತಿರ ಬಂದಿತ್ತು. ಹಬ್ಬದ ಮಡಿಗೆಂದು ಅವ್ವ ಮೀನು ಬೇಯಿಸುವ ಗಡಿಗೆಗಳನ್ನೆಲ್ಲ ತೊಳೆದು ಅಟ್ಟಕ್ಕೇರಿಸಿಯಾಗಿತ್ತು.

"ಹುಣ್ಣಿಮೆ ಮುಗೀಲಿ ಕಣೆ. ಆಮೇಲೆ ಮಾಡಿದ್ರಾತು."

"ಆಗ್ಲಿ ಬಿಡಿ ಅತ್ತೆ. ನಂದೇನ್ ಮಹಾ" ಎಂದಳು ಅತ್ತಿಗೆ.

ಅವ್ವ ಕೆಟ್ಟವಳಲ್ಲ. ಸೊಸೆಯ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು, ಭಾರದ ಕೊಡ ಎತ್ತಲು ಬಿಡುತ್ತಿರಲಿಲ್ಲ. ಆದರೆ ಹಬ್ಬದ ಅಡುಗೆ ಮಾಡುವವರು ಉಪವಾಸ ಇರಬೇಕು, ಭೂಮಿ ಉಣ್ಣುವ ಮೊದಲು ಉಪ್ಪು ಕೂಡ ನೋಡುವಂತಿಲ್ಲ. ತುಂಬಿದ ಬಸುರಿ ಒಲೆಯ ಮುಂದೆ ಕೂತು ಇನ್ನೊಬ್ಬ ಬಸುರಿಗೆ ಅಡುಗೆ ಮಾಡಿದಳು. ನೀನೊಂದು ತುತ್ತು ತಿನ್ನು ಎಂದು ಅಪ್ಪ ಹೇಳಲಿಲ್ಲ, ಅಣ್ಣ ಹೇಳಲಿಲ್ಲ. ಒಂದು ತುತ್ತು ಬಾಯಿಗಿಡಬೇಕೆಂದು ಅತ್ತಿಗೆಗೂ ಅನ್ನಿಸಲಿಲ್ಲವೋ ಏನೋ. ಅಣ್ಣ ಗದ್ದೆಯ ಮೂಲೆಮೂಲೆಗೂ ಸೊಪ್ಪಿನ ಅನ್ನ ಬೀರಿ, ಭೂಮಿತಾಯಿ ಹೊಟ್ಟೆ ತುಂಬ ಉಣ್ಣಲಿ ಎಂದು ಕೂಗಿ ಬಂದ.

ಅದೇ ವಾರ, ದಿನ ತುಂಬುವ ಮೊದಲೇ ಅವಳಿಗೆ ನೋವು ಬಂತು. ಸಾಗರದ ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ದಾರಿಯಲ್ಲೇ ಹೆರಿಗೆಯಾಗಿ ಮಗು ಹೋಯಿತು, ಮಾರನೆಯ ದಿನ ಅವಳೂ ಹೋದಳು. ಉಪವಾಸದಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ಅವಳು ಆಸೆಪಟ್ಟದ್ದನ್ನು ಉಣ್ಣದೆ ಹೋದಳು, ಅಷ್ಟು ಮಾತ್ರ ಬಲ್ಲೆ.

ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಬೇಕಲ್ಲ, ತಿಥಿಯ ದಿನ ಅವ್ವ ಅಟ್ಟದಿಂದ ಗಡಿಗೆ ಇಳಿಸಿದಳು. ಅಣ್ಣ ಗದ್ದೆಗೆ ಹೋದವನು ಬೇಗನೆ ಏಡಿ ಹಿಡಿದು ತಂದ. ಎಡೆಯ ಮುಂದೆ ಕೂತು ಅವನು ಮಗುವಿನ ಹಾಗೆ ಅತ್ತ.

ನನಗೆ ತಡೆಯಲಾಗಲಿಲ್ಲ. "ಅವ್ಳು ಕೇಳ್ದಾಗ್ಲೇ ಮಾಡಿದ್ರೆ ಎಂತ ಆಗ್ತಿತ್ತು ಅವ್ವ?" ಎಂದು ಎಲ್ಲರೆದುರು ಕೂಗಾಡಿದೆ. ಅಪ್ಪ ಹೊಡೆಯಲು ಕೈ ಎತ್ತಿದರು. ಅವ್ವ ಅಡ್ಡ ಬಂದು, ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಕೂರಿಸಿದಳು. ಸೆರಗಿನಿಂದ ನನ್ನ ಮುಖ ಒರೆಸಿದಳು.

"ಏಳು ಹೆತ್ತೆ ಕಣೆ ನಾನು. ತವರಿನವ್ರು ತಂದಿದ್ದು ಉಂಡೆ, ಇಲ್ಲಿ ಉಳ್ದಿದ್ದು ಉಂಡೆ. ನಿಂಗೆ ಎಂತ ಬೇಕು ಅಂತ ಒಬ್ರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆಸೆ ಆಗ್ತದೆ, ನಾಕು ದಿನಕ್ಕೆ ಅದೇ ಹೋಗ್ತದೆ. ಅವ್ಳದ್ದೂ ಹಂಗೇ ಹೋಗ್ತದೆ ಅಂದ್ಕಂಡಿದ್ದೆ."